ತೆಪ್ಪ ಮತ್ತು ಹರಿಗೋಲು: ಬೆಂಗಳೂರು ಗ್ರಾಮಾಂತರದ ಕೆರೆಸೀಮೆಯ ದೋಣಿ

ಕನ್ನಡ ಸಾಹಿತ್ಯ ವಿವೇಚನೆಯಲ್ಲಿ ದೋಣಿಯು ಬಹುಮಟ್ಟಿಗೆ ದಾಟುವಿಕೆಯ ರೂಪಕವಾಗಿಯೇ ಕಾಣಿಸಿಕೊಂಡಿದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ತುಂಗಭದ್ರೆಯ ದಡದ ಚೌಡದಾನಪುರದೊಂದಿಗೆ ಬೆಸೆದುಕೊಂಡಿದೆ. ಕಾಯಕಸೂಚಕವಾದ ಆ ಹೆಸರೇ ಅವನ ಅಂಕಿತವೂ ಆಗಿದೆ. ದಾಸಸಾಹಿತ್ಯದಲ್ಲಿ ದೇವರೇ ಅಂಬಿಗನಾಗುತ್ತಾನೆ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬ ಗಾದೆಯೂ ಇದೇ ಅನುಭವದಿಂದ ಹುಟ್ಟಿದ್ದು. ಇವೆಲ್ಲವೂ ಹೊಳೆಯ ದೋಣಿಗಳು. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲ. ಇಲ್ಲಿನ ದೋಣಿ ಕೆರೆಯ ದೋಣಿ; ದಡದಿಂದ ಹೊರಟು ಅದೇ ದಡಕ್ಕೆ ಮರಳುವ ದೋಣಿ.

ಈ ದೋಣಿಯ ಹೆಸರನ್ನು ಮೊದಲು ಪರಿಶೀಲಿಸಬೇಕು. ಮರದ ದಿಮ್ಮಿ, ಬಿದಿರು ಮೊದಲಾದ ಹಗುರವಾದ ವಸ್ತುಗಳನ್ನು ಜೋಡಿಸಿ ಕಟ್ಟಿದ್ದು ತೆಪ್ಪ. ಅದರ ವಸ್ತುವೇ ನೀರಿಗಿಂತ ಹಗುರವಾದುದರಿಂದ ಅದು ತೇಲುತ್ತದೆ. ಹರಿಗೋಲು ಹಾಗಲ್ಲ. ಅದು ಬುಟ್ಟಿಯಂತೆ ಟೊಳ್ಳು. ತಾನು ಪಕ್ಕಕ್ಕೆ ಸರಿಸಿದ ನೀರಿನ ಬಲದಿಂದ ತೇಲುವಂಥದು. ಮೇಲುಕೋಟೆ, ನಂಜನಗೂಡುಗಳ ತೆಪ್ಪೋತ್ಸವದಲ್ಲಿ ತೆಪ್ಪ ಎಂಬ ಪದ ದೇವರ ಜಲವಿಹಾರದ ಆಚರಣೆಯೊಂದಿಗೆ ಬೆಸೆದುಕೊಂಡು ಉಳಿದಿದೆ. ಆದರೆ ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ದುಂಡನೆಯ ಬುಟ್ಟಿದೋಣಿಯನ್ನೂ ತೆಪ್ಪವೆಂದೇ ಕರೆಯುವುದುಂಟು. ತುಂಗಭದ್ರೆಯ ಕಡೆ ಹರಿಗೋಲು ಎಂಬ ಪದವೇ ಬಳಕೆಯಲ್ಲಿದೆ. ಹೀಗೆ ನಿಘಂಟು ಬೇರ್ಪಡಿಸುವ ಎರಡು ವಸ್ತುಗಳನ್ನು ಆಡುನುಡಿ ಒಂದೇ ಹೆಸರಿನಲ್ಲಿ ಕೂಡಿಸುತ್ತದೆ.

ಹರಿಗೋಲಿನ ರಚನೆ ಸರಳ, ಆದರೆ ಅರ್ಥಪೂರ್ಣ. ಬಿದಿರನ್ನು ಸೀಳಿ, ತಳವನ್ನು ಹೆಣೆದು, ಸುತ್ತಲೂ ಮೇಲಕ್ಕೆ ಬಾಗಿಸಿ, ಅಂಚನ್ನು ಬಿಗಿಯಾಗಿ ಕಟ್ಟುತ್ತಾರೆ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಅನಂತರ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಆ ಸ್ಥಾನಕ್ಕೆ ಬಂದವು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತೊಗಲು ಹೊದಿಸಿದ ಇಂತಹ ದುಂಡು ದೋಣಿಗಳನ್ನೂ ಅವು ತಿರುಗುತ್ತಲೇ ಸಾಗುವ ಬಗೆಯನ್ನೂ ದಾಖಲಿಸಿದ್ದಾನೆ. ಮೂತಿಯಾಗಲಿ ಹಿಂಬದಿಯಾಗಲಿ ಇಲ್ಲದ ಕಾರಣ ಅದನ್ನು ನೇರವಾಗಿ ನಡೆಸಲು ಹುಟ್ಟು ಹಾಕುವವನ ಪಳಗಿದ ಕೈ ಬೇಕು. ಹೊಳೆಯಲ್ಲಿ ಇದು ಕೊರತೆಯೆನಿಸಬಹುದು. ಕೆರೆಯಲ್ಲಿ ಇದೇ ಅನುಕೂಲ. ಚಪ್ಪಟೆಯಾದ ತಳ ಆಳವಿಲ್ಲದ ನೀರಿನಲ್ಲಿಯೂ ಜೊಂಡಿನ ನಡುವೆಯೂ ಸಾಗುತ್ತದೆ. ಬಲೆ ಬಿಡುವವನು ನಿಂತಲ್ಲಿಯೇ ಯಾವ ಕಡೆಗಾದರೂ ತಿರುಗಬಹುದು. ಕೆರೆ ಬತ್ತಿದಾಗ ಒಬ್ಬನೇ ಅದನ್ನು ಹೊತ್ತು ಊರಿಗೆ ಒಯ್ಯಬಹುದು.

ಅರ್ಕಾವತಿಯ ಪಾತ್ರ ಈ ಭೇದವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿ ದೊಡ್ಡಬಳ್ಳಾಪುರದ ಕಡೆ ಕೆರೆಯಿಂದ ಕೆರೆಗೆ ಇಳಿಯುತ್ತದೆ. 1894ರಲ್ಲಿ ಹೆಸರಘಟ್ಟದಲ್ಲಿ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಅದನ್ನು ತಡೆಹಿಡಿಯಲಾಯಿತು. ಕೊನೆಗೆ ಕಾವೇರಿಯನ್ನು ಕೂಡುವ ಸಂಗಮದಲ್ಲಿ, ಮೇಕೆದಾಟಿಗೆ ಹೋಗುವ ಪ್ರವಾಸಿಗರನ್ನು ದಾಟಿಸಲು ಅದೇ ದುಂಡು ದೋಣಿ ಬರುತ್ತದೆ. ಒಂದೇ ನದಿಯ ಮೇಲ್ಭಾಗದ ಕೆರೆಗಳಲ್ಲಿ ದುಡಿಮೆಯ ಸಾಧನ, ತುದಿಯಲ್ಲಿ ದಾಟಿಸುವ ಹಾಗೂ ವಿಹಾರದ ವಾಹನ. ಸಾಹಿತ್ಯ ಎರಡನೆಯದನ್ನು ಬಲ್ಲದು. ಮೊದಲನೆಯದು ಬಹುಪಾಲು ಅಲಕ್ಷಿತ.

ಈ ಅಲಕ್ಷ್ಯದ ಪರಿಣಾಮ ಅಲ್ಪವಲ್ಲ. ಇತ್ತೀಚಿನ ವರ್ಷಗಳಲ್ಲಿ ಸಂಸ್ಕರಿತ ನೀರು ದೇವನಹಳ್ಳಿ ತಾಲ್ಲೂಕಿನ ಕೆಲವು ಕೆರೆಗಳಿಗೆ ಹರಿದಿದೆ. ನೀರು ಮರಳಿದಲ್ಲಿ ಮೀನುಗಾರಿಕೆಯೂ ಮರಳಬಹುದು. ಆದರೆ ಬಿದಿರಿನ ಹರಿಗೋಲಿಗೆ ಬದಲಾಗಿ ಫೈಬರ್ ಹರಿಗೋಲು ಬಳಕೆಗೆ ಬರುತ್ತಿದೆ. ಅದು ಹೆಚ್ಚು ಬಾಳಿಕೆ ಬರುವುದರಿಂದ ಮೀನುಗಾರನ ಆಯ್ಕೆ ಸಹಜವೇ ಸರಿ. ಆದರೆ ಅಚ್ಚಿನಲ್ಲಿ ಎರಕಗೊಂಡ ದೋಣಿಗೆ ಸೀಳುವ, ಹೆಣೆಯುವ, ಬಾಗಿಸುವ, ಅಂಚು ಕಟ್ಟುವ ಕ್ರಿಯಾಪದಗಳ ಅಗತ್ಯವಿಲ್ಲ. ತೂಬು, ಕೋಡಿ, ಏರಿ, ನೀರುಗಂಟಿ ಮುಂತಾದ ನೀರಾವರಿಯ ಪದಗಳ ಕಡೆಗೆ ವಿದ್ವಾಂಸರ ಗಮನ ಹರಿದಿದೆ. ಕೆರೆಯ ಮೇಲಿನ ಬದುಕಿನ ಪದಗಳಿಗೂ ಅದೇ ಗಮನ ಸಲ್ಲಬೇಕು. ದೋಣಿಯ ಪ್ರತಿಯೊಂದು ಭಾಗದ, ಹೆಣಿಗೆಯ ಪ್ರತಿಯೊಂದು ಹಂತದ ಹೆಸರನ್ನು ಹೆಣೆಯಬಲ್ಲವರ ಬಾಯಿಂದಲೇ ಕೇಳಿ, ಊರಿನ ಹೆಸರಿನೊಂದಿಗೆ ದಾಖಲಿಸುವುದು ಕನ್ನಡ ಅಧ್ಯಯನದ ತುರ್ತು ಕೆಲಸ. ವಸ್ತುಸಂಗ್ರಹಾಲಯದಲ್ಲಿ ಹರಿಗೋಲನ್ನು ಉಳಿಸಬಹುದು. ಹೆಣೆಯುವವರಿಲ್ಲವಾದ ಮೇಲೆ ಅದರ ಮಾತುಗಳನ್ನು ಕೇಳಿ ತಿಳಿಯಲು ಬೇರೆ ದಾರಿಯಿಲ್ಲ.