ಮಸಿಯನ್ನು ಸುಟ್ಟ ಇನ್ನೊಂದು ವಿಷ

ಡೀಸೆಲ್ ಹೊಗೆಯಲ್ಲಿನ ಮಸಿಯನ್ನು ಹಿಡಿಯುವ ವಿದ್ಯೆ 1980ರ ಸುಮಾರಿಗೇ ಕೈಗೆ ಬಂದಿತ್ತು. ಅಮೆರಿಕದ ಕಾರ್ನಿಂಗ್ ಕಂಪನಿ ಕಾರ್ಡಿಯರೈಟ್ ಎಂಬ ಸೆರಾಮಿಕ್ಕಿನಲ್ಲಿ ಮಾಡಿದ ಫಿಲ್ಟರನ್ನು ಎದುರಿನಿಂದ ನೋಡಿದರೆ ಅದರ ಜಾಣ್ಮೆ ಕಾಣುತ್ತದೆ. ಉದ್ದಕ್ಕೂ ಸಾವಿರಾರು ಚೌಕ ಕೊಳವೆಗಳು. ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದರ ಬಾಯಿ ಮುಚ್ಚಿದೆ. ಈ ತುದಿಯಲ್ಲಿ ತೆರೆದ ಕೊಳವೆ ಆ ತುದಿಯಲ್ಲಿ ಮುಚ್ಚಿರುತ್ತದೆ. ಒಳಗೆ ಹೊಕ್ಕ ಹೊಗೆಗೆ ಮುಂದೆ ದಾರಿಯಿಲ್ಲ. ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿ ಪಕ್ಕದ ಕೊಳವೆಗೆ ಹೋಗಬೇಕು. ಗಾಳಿ ನುಸುಳುತ್ತದೆ, ಮಸಿ ಗೋಡೆಗೆ ಅಂಟುತ್ತದೆ. ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಮಸಿ ಹೀಗೆ ಸಿಕ್ಕಿಬೀಳುತ್ತದೆ.

ಸಿಕ್ಕಿದ ಮಸಿಯನ್ನು ಖಾಲಿ ಮಾಡುವ ಬಗೆ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕೆಲವು ನೂರು ಕಿಲೋಮೀಟರಿನಲ್ಲಿ ಫಿಲ್ಟರ್ ತುಂಬುತ್ತದೆ, ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಮೈಲೇಜ್ ಬೀಳುತ್ತದೆ. ಮಸಿ ಎಂದರೆ ಇಂಗಾಲ, ಉರಿಸಿದರೆ ಹೋದೀತು. ಆದರೆ ಗಾಳಿಯ ಆಮ್ಲಜನಕದಲ್ಲಿ ಅದು ಉರಿಯಲು 550ರಿಂದ 600 ಡಿಗ್ರಿ ಸೆಲ್ಸಿಯಸ್ ಬೇಕು. ಊರೊಳಗೆ ಓಡುವ ಡೀಸೆಲ್ ಗಾಡಿಯ ಹೊಗೆ 200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಡುವಿನ ಈ ಅಂತರವನ್ನು ತುಂಬುವುದು ಹೇಗೆ?

1985ರಲ್ಲಿ ಮರ್ಸಿಡಿಸ್-ಬೆಂಜ್ ಕ್ಯಾಲಿಫೋರ್ನಿಯಾದ ಡೀಸೆಲ್ ಕಾರುಗಳಲ್ಲಿ ಫಿಲ್ಟರನ್ನು ಟರ್ಬೋಚಾರ್ಜರಿಗಿಂತ ಮುಂಚೆ, ಎಂಜಿನ್ನಿಗೆ ಒತ್ತಿಕೊಂಡಂತೆ ಕೂರಿಸಿತು. ಅಲ್ಲಿ ಹೊಗೆ ಹೆಚ್ಚು ಬಿಸಿ, ಮಸಿ ತಾನಾಗಿ ಉರಿದುಹೋದೀತು ಎಂಬ ಲೆಕ್ಕ. ಲೆಕ್ಕ ಕೂಡಿಬರಲಿಲ್ಲ, ಕೆಲವೇ ವರ್ಷಗಳಲ್ಲಿ ಆ ಏರ್ಪಾಡನ್ನು ಕೈಬಿಡಬೇಕಾಯಿತು. ತುಂಬಿದ ಫಿಲ್ಟರ್ ಹೊತ್ತಿಕೊಳ್ಳದಿದ್ದರೆ ಒಂದು ಕಷ್ಟ, ಹೊತ್ತಿಕೊಂಡರೆ ಇನ್ನೊಂದು. ಮಸಿ ಉರಿಯತೊಡಗಿದಾಗಲೇ ಡ್ರೈವರ್ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದ ಎನ್ನಿ. ಐಡ್ಲಿಂಗಿನಲ್ಲಿರುವ ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಆಮ್ಲಜನಕ ಧಾರಾಳ, ಬಿಸಿಯನ್ನು ಹೊತ್ತೊಯ್ಯುವ ಹರಿವು ಮಾತ್ರ ತೀರಾ ಕಡಿಮೆ. ಒಳಗಿನ ತಾಪ ಸಾವಿರ ಡಿಗ್ರಿ ದಾಟಿ ಸೆರಾಮಿಕ್ ಬಿರುಕು ಬಿಡುತ್ತದೆ, ಕರಗುವುದೂ ಉಂಟು.

ಪ್ಲಾಟಿನಮ್ಮನ್ನು ಫಿಲ್ಟರಿನ ಗೋಡೆಗೇ ಲೇಪಿಸಿ ಮಸಿಯನ್ನು ಕಡಿಮೆ ತಾಪದಲ್ಲಿ ಸುಡುವ ಪ್ರಯತ್ನಗಳೂ ನಡೆದವು. ಆದರೆ ಪ್ಲಾಟಿನಮ್ಮಿನಂಥ ವೇಗವರ್ಧಕಕ್ಕೂ ಮಸಿಗೂ ಮುಟ್ಟುವಿಕೆ ಬೇಕು. ಗೋಡೆಗೆ ತಾಗಿದ ತೆಳು ಪದರ ಉರಿದರೂ ಅದರ ಮೇಲೆ ಕೂತ ಮಸಿ ಹಾಗೇ ಉಳಿಯುತ್ತದೆ.

ದಾರಿ ತೋರಿಸಿದವರು ಜಾನ್ಸನ್ ಮ್ಯಾಥಿ ಕಂಪನಿಯ ಬ್ಯಾರಿ ಕೂಪರ್ ಮತ್ತು ಜೇಮ್ಸ್ ಥಾಸ್. 1989ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಪ್ಲಾಟಿನಮ್ ಮಸಿಯನ್ನು ಮುಟ್ಟುವುದೇ ಇಲ್ಲ. ಅದು ಫಿಲ್ಟರಿನ ಮುಂದೆ ಬೇರೆಯಾಗಿ ನಿಂತಿರುತ್ತದೆ. ಆದರೂ ಹಿಂದಿನ ಫಿಲ್ಟರಿನಲ್ಲಿ ಕೂತ ಮಸಿ 300 ಡಿಗ್ರಿಯೊಳಗೇ ಉರಿಯತೊಡಗುತ್ತದೆ. ಮುಟ್ಟದೆ ಸುಡುವ ಕೆಲಸ ಮಾಡುತ್ತಿದ್ದದ್ದು ಹೊಗೆಯಲ್ಲೇ ಇದ್ದ ನೈಟ್ರಿಕ್ ಆಕ್ಸೈಡ್. ಪ್ಲಾಟಿನಮ್ಮಿನ ಮೇಲೆ ಹಾದು ಹೋಗುವಾಗ ಅದು ಒಂದು ಆಮ್ಲಜನಕ ಪರಮಾಣುವನ್ನು ಎತ್ತಿಕೊಂಡು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಮುಂದೆ ಮಸಿ ಎದುರಾದಾಗ ಆ ಪರಮಾಣುವನ್ನು ಇಂಗಾಲಕ್ಕೆ ಕೊಟ್ಟು ಮೊದಲಿನ ರೂಪಕ್ಕೆ ಮರಳುತ್ತದೆ. ಅನಿಲವಾದ್ದರಿಂದ ಮಸಿಯ ಪದರದ ಎಲ್ಲ ಸಂದಿಗೂ ನುಗ್ಗುತ್ತದೆ. ಹೊಗೆಯಲ್ಲಿ ಶೇಕಡಾ ಲೆಕ್ಕದಲ್ಲಿರುವ ಆಮ್ಲಜನಕದ ಕೈಲಾಗದ ಕೆಲಸವನ್ನು ಹತ್ತು ಲಕ್ಷಕ್ಕೆ ಕೆಲವು ನೂರು ಭಾಗದಷ್ಟಿರುವ ಈ ಅನಿಲ ಮಾಡುತ್ತದೆ. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ: ನಾವು ತೊಲಗಿಸಬೇಕೆಂದುಕೊಂಡ ಒಂದು ವಿಷ, ಅದೇ ಹೊಗೆಯ ಇನ್ನೊಂದು ವಿಷವನ್ನು ಒಂದು ತೊಟ್ಟು ಡೀಸೆಲ್ಲೂ ಖರ್ಚಿಲ್ಲದೆ ತಿನ್ನುತ್ತದೆ.

ಆದರೆ ಅಂದಿನ ಡೀಸೆಲ್ಲಿನಲ್ಲಿ ಗಂಧಕ ತುಂಬಿತ್ತು. ಪ್ಲಾಟಿನಮ್ ಗಂಧಕದ ಅನಿಲವನ್ನೂ ಬಿಡದೆ ಸಲ್ಫೇಟ್ ಕಣಗಳನ್ನಾಗಿ ಮಾಡುತ್ತಿತ್ತು, ಗಂಧಕ ನೈಟ್ರಿಕ್ ಆಕ್ಸೈಡಿನ ಕೆಲಸಕ್ಕೂ ಅಡ್ಡ ಬರುತ್ತಿತ್ತು. ಹೀಗಾಗಿ ಆವಿಷ್ಕಾರ ಇಂಧನಕ್ಕಾಗಿ ಕಾಯಬೇಕಾಯಿತು. ತೆರಿಗೆ ರಿಯಾಯಿತಿ ಕೊಟ್ಟು ಗಂಧಕವನ್ನು ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿಸಿದ ಡೀಸೆಲ್ಲನ್ನು ಬಂಕಿಗೆ ತಂದ ಸ್ವೀಡನ್ನಿನಲ್ಲಿ, 1990ರ ದಶಕದ ನಡುವಿನಲ್ಲಿ, ಬಸ್ಸು ಲಾರಿಗಳ ಮೇಲೆ ಅದು ಕಾಲೂರಿತು. 2000ದಲ್ಲಿ ಅದಕ್ಕೆ ಬ್ರಿಟನ್ನಿನ ಎಂಜಿನಿಯರಿಂಗ್ ಪ್ರಶಸ್ತಿಯಾದ ಮ್ಯಾಕ್‌ರಾಬರ್ಟ್ ಬಂದಿತು.

ದಿನವಿಡೀ ಭಾರ ಎಳೆಯುವ ಎಂಜಿನ್ನಿಗೆ ಸರಿಹೋದದ್ದು ಕಾರಿಗೆ ಸಾಲಲಿಲ್ಲ. ಕಾರಿನ ಹೊಗೆ ಎಷ್ಟೋ ಸಲ 250 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಅದೇ 2000ದಲ್ಲಿ ಪ್ಯೂಜೋ ತನ್ನ 607 ಕಾರಿನಲ್ಲಿ ಬೇರೆ ದಾರಿ ಹಿಡಿಯಿತು. ಡೀಸೆಲ್ಲಿಗೆ ಸೀರಿಯಮ್ ಸಂಯುಕ್ತ ಬೆರೆಸಿ ಮಸಿ ಉರಿಯುವ ತಾಪವನ್ನು 450 ಡಿಗ್ರಿಯ ಹತ್ತಿರಕ್ಕೆ ಇಳಿಸಿತು. ಉಳಿದ ಬಿಸಿಗಾಗಿ ಸಿಲಿಂಡರಿಗೆ ತಡವಾಗಿ ಇನ್ನಷ್ಟು ಡೀಸೆಲ್ ಚಿಮ್ಮಿಸಿತು. ಮಸಿ ಸುಟ್ಟು ಫಿಲ್ಟರ್ ಖಾಲಿ ಮಾಡುವ ಇಂದಿನ ರೀಜನರೇಷನ್ನಿನ ಬೇರು ಅಲ್ಲಿದೆ. ಈಗ ಹೆಚ್ಚಿನ ಗಾಡಿಗಳಲ್ಲಿ ಸೀರಿಯಮ್ ಇಲ್ಲ. ತಡವಾಗಿ ಚಿಮ್ಮಿಸಿದ ಡೀಸೆಲ್ ಫಿಲ್ಟರಿನ ಮುಂದಿನ ವೇಗವರ್ಧಕದಲ್ಲಿ ಉರಿದು 600 ಡಿಗ್ರಿ ತರುತ್ತದೆ. ಈ ಕೆಲಸ ನಡೆಯುವ ಹದಿನೈದಿಪ್ಪತ್ತು ನಿಮಿಷ ಸುಡುವ ಹೆಚ್ಚುವರಿ ಡೀಸೆಲ್ ಗಾಡಿಯನ್ನು ಒಂದು ಮಾರೂ ಮುಂದೆ ಒಯ್ಯುವುದಿಲ್ಲ. ಅದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಗೆ ಅಂಟಿ ಎಂಜಿನ್ ಆಯಿಲಿಗೂ ಇಳಿಯುತ್ತದೆ.

ಹೈವೇಯಲ್ಲಿ ಒಂದು ಸುತ್ತು ಓಡಿಸಿದರೆ ಫಿಲ್ಟರ್ ಸರಿಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ಬಹುಪಾಲು ನಿಜ. ಆದರೆ ಆಸ್ಟ್ರೇಲಿಯಾದ ಪ್ರಕರಣವೊಂದು ಇದಕ್ಕೆ ತದ್ವಿರುದ್ಧ. ಅಲ್ಲಿ 2015ರ ಅಕ್ಟೋಬರಿನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ ಡೀಸೆಲ್ ಹೈಲಕ್ಸ್, ಫಾರ್ಚ್ಯೂನರ್, ಪ್ರಾಡೋ ಗಾಡಿಗಳಲ್ಲಿ ತೊಂದರೆ ಕಾಣಿಸಿದ್ದು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡಿಸಿದಾಗ. ಮುಂದಿನ ವೇಗವರ್ಧಕದ ಮೇಲೆ ಕಿಟ್ಟ ಕಟ್ಟಿ, ಚಿಮ್ಮಿಸಿದ ಡೀಸೆಲ್ ಸರಿಯಾಗಿ ಉರಿಯದೆ ಬಿಳಿ ಹೊಗೆಯಾಗಿ ಹೊರಬರುತ್ತಿತ್ತು. ಇಂಧನದ ಖರ್ಚೂ ಏರಿತು. 2022ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 2,64,170 ಗಾಡಿಗಳಿಗೆ ಈ ದೋಷವಿತ್ತೆಂದು ತೀರ್ಪು ಕೊಟ್ಟಿತು. ಪರಿಹಾರದ ಮೊತ್ತದ ವಾದ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನವರೆಗೂ ಹೋಯಿತು.

ಭಾರತದಲ್ಲಿ ಗಂಧಕ 10 ಭಾಗಕ್ಕಿಳಿದ ಡೀಸೆಲ್ ದೇಶದ ಉದ್ದಗಲಕ್ಕೆ ಬಂದದ್ದು 2020ರ ಏಪ್ರಿಲ್‌ನಲ್ಲಿ, ಬಿಎಸ್6 ಹೊಗೆ ನಿಯಮದ ಜೊತೆಗೆ. ಹೊಸ ಜೀಪುಗಳ ಸೈಲೆನ್ಸರ್ ಬಾಯಿಗೆ, ತಣ್ಣಗಿದ್ದಾಗ, ಬೆರಳಾಡಿಸಿ ನೋಡಿ. ಹಳೆಯ ಗಾಡಿಯ ಹಾಗೆ ಕಪ್ಪು ಹತ್ತುವುದಿಲ್ಲ. ಮೈಲೇಜಿನ ಆಸೆಗೆ ಫಿಲ್ಟರ್ ಕಿತ್ತು ಹಾಕಿಸುವವರಿದ್ದಾರೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ಖಚಿತಪಡಿಸಿದ ಮೇಲೂ ಈ ಕೆಲಸ ನಡೆಯುವುದು ನನಗೆ ಸಂಕಟದ ಸಂಗತಿ.

ಕೂಪರ್ ಮತ್ತು ಥಾಸ್ ಕಂಡದ್ದು ಈ ಜೀಪುಗಳಲ್ಲೂ ಸದ್ದಿಲ್ಲದೆ ನಡೆಯುತ್ತಿರುತ್ತದೆ, ಬಿಸಿ ಸಿಕ್ಕಿದರೆ. ಕಾಫಿ ತೋಟದೊಳಗೆ ಲೋ ಗೇರಿನಲ್ಲಿ ತೆವಳುತ್ತ ನಿಂತು ಹೊರಡುವ ಗಾಡಿಗೆ ಆ ಬಿಸಿ ಸಿಗುವುದಿಲ್ಲ; ಡೀಸೆಲ್ ಸುಟ್ಟೇ ಫಿಲ್ಟರ್ ಖಾಲಿಯಾಗಬೇಕು, ನಡುವೆ ಎಂಜಿನ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಅದೇ ಗಾಡಿ ಆಳು ಸಾಮಾನು ಹೇರಿಕೊಂಡು ಶಿರಾಡಿ ಘಾಟಿ ಏರುವಾಗ ಹೊಗೆ 300 ಡಿಗ್ರಿ ದಾಟುತ್ತದೆ, ಮಸಿ ಕರಗತೊಡಗುತ್ತದೆ. ಇಲ್ಲೊಂದು ತೊಡಕಿದೆ: ನೈಟ್ರಿಕ್ ಆಕ್ಸೈಡ್ ಕೂಡ ಕಾನೂನಿನ ಮಿತಿಗೆ ಒಳಪಟ್ಟದ್ದು. ಎಂಜಿನ್ನಿನಲ್ಲೇ ಅದನ್ನು ಎಷ್ಟು ಕಡಿಮೆ ಮಾಡುತ್ತಾರೋ ಮಸಿ ತಿನ್ನಲು ಅಷ್ಟು ಕಡಿಮೆ ಅನಿಲ ಉಳಿಯುತ್ತದೆ, ಚಿಮ್ಮಿಸಬೇಕಾದ ಡೀಸೆಲ್ ಅಷ್ಟು ಹೆಚ್ಚುತ್ತದೆ. ಈಗಿನ ಎಂಜಿನಿಯರುಗಳು ತಿಣುಕುತ್ತಿರುವುದು ಈ ಎರಡರ ನಡುವೆ.