ಕೋರ್ಟು ಹಾಕಿದ ಷರತ್ತು ಭಾರವಾದರೆ ಏನು ಮಾಡಬೇಕು?



ಬೇರೆಯವರ ಸಾಲಕ್ಕೆ ಜಾಮೀನು ಹಾಕಿದವರು ನಮ್ಮ ಸಂಘಗಳಲ್ಲಿ ಬಹಳ ಮಂದಿ ಇದ್ದಾರೆ. ಸಾಲ ಕೊಟ್ಟವರು ಸಿವಿಲ್ ದಾವೆ ಹಾಕಿ, ಸಮನ್ಸ್ ಬಂದಾಗ ನಾವು ಕೋರ್ಟಿಗೆ ಹೋಗದಿದ್ದರೆ, ಅವರ ಮಾತನ್ನಷ್ಟೇ ಕೇಳಿ ಕೋರ್ಟು ತೀರ್ಪು ಕೊಡಬಹುದು. ಇದೇ ಏಕಪಕ್ಷೀಯ ಡಿಕ್ರಿ. ವಕೀಲರು ‘ಎಕ್ಸ್ ಪಾರ್ಟಿ’ ಅಂತಾರೆ.

ಇದನ್ನು ರದ್ದು ಮಾಡಿಸಬಹುದೇ?

ಖಂಡಿತ ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 13ನೇ ನಿಯಮದ ಕೆಳಗೆ ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ತಲುಪಲಿಲ್ಲ ಅಥವಾ ಬರಲಾಗದಷ್ಟು ಬಲವಾದ ಕಾರಣ ಇತ್ತು ಎಂದು ತೋರಿಸಬೇಕು. ಡಿಕ್ರಿಯಾದ 30 ದಿನಗಳೊಳಗೆ ಅರ್ಜಿ ಕೊಡಬೇಕು. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ, ಡಿಕ್ರಿ ಗೊತ್ತಾದ ದಿನದಿಂದ 30 ದಿನ. ತಡವಾದರೆ ಕಾರಣ ಹೇಳಿ ಮನ್ನಿಸಲು ಕೇಳಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನೂ ಕೇಳಬೇಕು. ಸಮನ್ಸ್ ತಂದಾಗ ‘ನಮಗೆ ಬೇಡ’ ಎಂದು ವಾಪಸ್ ಕಳಿಸಿದರೆ ‘ತಲುಪಿಲ್ಲ’ ಎನ್ನುವ ವಾದ ನಿಲ್ಲೋದಿಲ್ಲ.

ಷರತ್ತು ಅಂದ್ರೆ ಏನು?

ಡಿಕ್ರಿ ರದ್ದು ಮಾಡುವಾಗ ಕೋರ್ಟು ಷರತ್ತು ಹಾಕಬಹುದು. ಒಂದು, ಎದುರಿನವರಿಗೆ ಖರ್ಚು ಕೊಡುವುದು. ಈ ಹಣ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ಇನ್ನೊಂದು, ಕೋರ್ಟಿನಲ್ಲಿ ಠೇವಣಿ ಇಡುವುದು. ಇದು ದಾವೆಯ ಕೊನೆಯಲ್ಲಿ ಯಾರಿಗೆ ಸೇರಬೇಕೋ ಅವರಿಗೆ ಸೇರುತ್ತದೆ.

ಒಬ್ಬ ಸದಸ್ಯೆಯ ಮೇಲೆ 80,000 ರೂಪಾಯಿಗೆ ಡಿಕ್ರಿಯಾಗಿದೆ ಎಂದಿಟ್ಟುಕೊಳ್ಳೋಣ. ವಾಯಿದೆಯ ದಿನ ಅವರು ಆಸ್ಪತ್ರೆಯಲ್ಲಿದ್ದರು. ಕೋರ್ಟು ಆ ಕಾರಣ ಒಪ್ಪಿತು. ಆದರೆ ‘ಎರಡು ವಾರದೊಳಗೆ ಪೂರ್ತಿ 80,000 ಕಟ್ಟಿದರೆ ಮಾತ್ರ ರದ್ದು’ ಎಂದಿತು. ಕೂಲಿ ಮಾಡುವವರು ಎಲ್ಲಿಂದ ತರಬೇಕು? ಕಟ್ಟಲಾಗದಿದ್ದರೆ ಡಿಕ್ರಿ ಹಾಗೇ ಉಳಿಯುತ್ತದೆ. ಬಾಗಿಲು ತೆರೆದು ಹೊಸ್ತಿಲು ಎತ್ತರ ಮಾಡಿದ ಹಾಗಾಯಿತು.

ಹೀಗೆ ಆಗಬಾರದು ಎಂದು ವಾದಿಸಲು ಆಧಾರವಿದೆ. 2002ರಲ್ಲಿ ವಿಜಯ್ ಕುಮಾರ್ ಮದನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಷರತ್ತು ಹಾಕುವ ಹೆಸರಿನಲ್ಲಿ ದಾವೆಯನ್ನೇ ಡಿಕ್ರಿ ಮಾಡಿದಂತೆ ಆಗಬಾರದು ಎಂದು ಹೇಳಿದೆ. ಅದು ಡಿಕ್ರಿಗೆ ಮುಂಚಿನ ಹಂತದ ಪ್ರಕರಣ. ಆದರೂ ಅದರ ತತ್ವ ನಮ್ಮ ವಾದಕ್ಕೆ ಬಲ ಕೊಡುತ್ತದೆ. ಆದರೆ ಬೇಕೆಂದೇ ದಾವೆ ಎಳೆದವರ ಮೇಲೆ ಕೋರ್ಟು ಬಿಗಿ ಷರತ್ತು ಹಾಕಬಹುದು ಎನ್ನುವುದೂ ನೆನಪಿರಲಿ.

ನಾವು ಮಾಡಬೇಕಾದ್ದು

1. ಗಡುವು ಮುಗಿಯುವವರೆಗೆ ಸುಮ್ಮನೆ ಕೂರಬಾರದು. ಆದೇಶದ ನಕಲು ಕೂಡಲೇ ತೆಗೆದುಕೊಳ್ಳಿ.

2. ಅದೇ ಕೋರ್ಟಿಗೆ ಅರ್ಜಿ ಕೊಟ್ಟು ಷರತ್ತು ಸಡಿಲಿಸಲು ಕೇಳಿ. ಪಡಿತರ ಚೀಟಿ, ಸಂಘದ ಪಾಸ್ ಪುಸ್ತಕ, ಆಸ್ಪತ್ರೆಯ ಚೀಟಿ ಲಗತ್ತಿಸಿ. ‘ಆಗೋದಿಲ್ಲ’ ಎಂದಷ್ಟೇ ಹೇಳದೆ, ಎಷ್ಟು ಕಟ್ಟಬಲ್ಲೆವು, ಯಾವಾಗ ಕಟ್ಟಬಲ್ಲೆವು, ಬದಲಿಗೆ ಯಾವ ಭದ್ರತೆ ಕೊಡಬಲ್ಲೆವು ಎಂದು ಬರೆಸಿ. ಕಲಂ 148ರ ಕೆಳಗೆ ಹೆಚ್ಚಿನ ಸಮಯವನ್ನೂ ಕೇಳಬಹುದು.

3. ಅಲ್ಲಿ ಆಗದಿದ್ದರೆ, ಸಂವಿಧಾನದ 227ನೇ ವಿಧಿಯ ಕೆಳಗೆ ಹೈಕೋರ್ಟಿನಲ್ಲಿ ಆ ಷರತ್ತನ್ನು ಪ್ರಶ್ನಿಸಬಹುದು. ಬೆಂಗಳೂರಿನ ಜೊತೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ರದ್ದತಿ ಅರ್ಜಿಯೇ ವಜಾ ಆದರೆ ಮೇಲಿನ ಕೋರ್ಟಿಗೆ ಅಪೀಲು ಹೋಗಬಹುದು.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಒಂದು ಮಾತು. ಡಿಕ್ರಿ ರದ್ದಾದರೆ ಸಾಲ ರದ್ದಾಯಿತು ಎಂದಲ್ಲ. ದಾವೆ ಮತ್ತೆ ನಡೆಯುತ್ತದೆ, ನಮ್ಮ ಮಾತು ಹೇಳಲು ಅವಕಾಶ ಸಿಗುತ್ತದೆ, ಅಷ್ಟೇ. ಆ ಅವಕಾಶ ದುಡ್ಡಿಲ್ಲ ಎನ್ನುವ ಒಂದೇ ಕಾರಣಕ್ಕೆ ಕೈತಪ್ಪಬಾರದು. ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ಯಾರ ಮನೆಗಾದರೂ ಕೋರ್ಟಿನ ಕಾಗದ ಬಂದಿದ್ದರೆ ಮುಚ್ಚಿಡದೆ ತರಲು ಹೇಳಿ.