ನೆಟ್ ಅದ, ಮೇಲ್ ಹೋಗವಲ್ದು

ಯಾದಗಿರಿಯ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಒಂದು ತಾಸು ಕುಳಿತರೆ ಈ ದೂರು ಕಿವಿಗೆ ಬಿದ್ದೇ ಬೀಳುತ್ತದೆ: "ಸರ, ನೆಟ್ ಅದ, ಯೂಟ್ಯೂಬ್ ಓಡ್ತದ, ಮೇಲ್ ಒಂದೇ ಹೋಗವಲ್ದು." ಹೇಳುವವರು ಶಹಾಪುರದ ಜಿನ್ನಿಂಗ್ ಮಿಲ್ಲಿನ ಗುಮಾಸ್ತರಿರಬಹುದು, ಸುರಪುರದ ತೆರಿಗೆ ಸಲಹೆಗಾರರಿರಬಹುದು, ಭೀಮರಾಯನಗುಡಿಯ ನೀರಾವರಿ ಕಚೇರಿಗೆ ಕಾಗದ ಕಳಿಸಬೇಕಾದ ಗುತ್ತಿಗೆದಾರರಿರಬಹುದು. ಅಂಗಡಿಯವರ ಉತ್ತರವೂ ಹೆಚ್ಚುಕಡಿಮೆ ಒಂದೇ: "ಸಿಪಿಯು ತಂದು ಬಿಡ್ರಿ, ಫಾರ್ಮ್ಯಾಟ್ ಹೊಡದು ಕೊಡ್ತೀನಿ."

ಈ ಉತ್ತರಕ್ಕೆ ನನ್ನ ತಕರಾರಿದೆ. ಮೇಲ್ ಹೋಗದ ಯಂತ್ರ ಸುಮ್ಮನೆ ಕೆಟ್ಟು ಕುಳಿತಿರುವುದಿಲ್ಲ. ತಾನು ಎಲ್ಲಿ ಸಿಕ್ಕಿಹಾಕಿಕೊಂಡೆ ಎಂಬುದನ್ನು ಒಂದು ಅಂಕಿಯಲ್ಲಿ ಬರೆದು ಪರದೆಯ ಮೇಲೆ ಇಟ್ಟಿರುತ್ತದೆ. ನಾವು ಅದನ್ನು ಓದದೆ 'ಓಕೆ' ಒತ್ತಿ ಮುಚ್ಚುತ್ತೇವೆ.

ಜಿಮೇಲನ್ನು ಬ್ರೌಸರಿನಲ್ಲೇ ತೆರೆಯುವ ಕಾಲದಲ್ಲಿ ಔಟ್‌ಲುಕ್, ಥಂಡರ್‌ಬರ್ಡ್‌ಗಳ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಅಡತ್ ಅಂಗಡಿ, ರೈಸ್ ಮಿಲ್ಲು, ಆಡಿಟರ್ ಕಚೇರಿಗಳಲ್ಲಿ ಕೇಳಿ ನೋಡಿ. ನೆಟ್ ಹೋದರೂ ಹಳೆಯ ಬಿಲ್ಲು ಕೈಗೆ ಸಿಗಬೇಕು, ನಾಲ್ಕು ವರ್ಷದ ಹಿಂದಿನ ಕಾಗದ ಹುಡುಕಿದ ಕೂಡಲೇ ಬರಬೇಕು, ಮೂರು ವಿಳಾಸಗಳ ಟಪಾಲು ಒಂದೇ ಕಿಟಕಿಯಲ್ಲಿ ಕಾಣಬೇಕು. ಇದಕ್ಕೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮೇಲ್ ಇಳಿಸಿಕೊಳ್ಳುವ ತಂತ್ರಾಂಶವೇ ಅನುಕೂಲ. 2004ರ ಡಿಸೆಂಬರ್ 7ರಂದು ಮೊದಲ ಪೂರ್ಣ ಆವೃತ್ತಿ ಬಿಟ್ಟ ಥಂಡರ್‌ಬರ್ಡ್ ಇವತ್ತಿಗೂ ಉಚಿತ.

ಇನ್ನು ಆ ದೂರಿನ ಮಾತಿಗೇ ಬರೋಣ. ಯೂಟ್ಯೂಬ್ ಓಡುತ್ತದೆ ಎಂದರೆ ತಂತಿ, ರೌಟರು, ಕಂಪನಿಯ ಲೈನು ಸರಿಯಿವೆ ಎಂದಾಯಿತು, ಅಷ್ಟೇ. ಶಹಾಪುರದಲ್ಲಿ ಯಾದಗಿರಿ ಬಸ್ಸು ಸಿಕ್ಕ ಮಾತ್ರಕ್ಕೆ ಮುಂಬೈ ರೈಲು ಸಿಕ್ಕಂತಲ್ಲ. ಸ್ಟೇಶನ್ನಿಗೆ ಹೋಗಿ, ವಾಡಿ ಕಡೆಯ ಗಾಡಿಯೋ ರಾಯಚೂರು ಕಡೆಯ ಗಾಡಿಯೋ ನೋಡಿ, ಸರಿಯಾದ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಟಿಕೇಟು ತೋರಿಸಬೇಕು. ಬ್ರೌಸರು ಹೋಗುವ ದ್ವಾರದ ಸಂಖ್ಯೆ 443. ಮೇಲ್ ತಂತ್ರಾಂಶದ ದ್ವಾರಗಳೇ ಬೇರೆ: ಕಳಿಸಲು 587 ಅಥವಾ 465, ತರಿಸಿಕೊಳ್ಳಲು 993 ಅಥವಾ 995. ತಾಲ್ಲೂಕು ಮಟ್ಟದ ಕಚೇರಿ, ಬ್ಯಾಂಕುಗಳಂಥ ಕಡೆ ಭದ್ರತೆಗಾಗಿ ಬ್ರೌಸರಿನ ದ್ವಾರವನ್ನಷ್ಟೇ ತೆರೆದಿಟ್ಟು ಉಳಿದವನ್ನು ಮುಚ್ಚಿರುವುದುಂಟು. ಅಲ್ಲಿ ಔಟ್‌ಲುಕ್‌ನೊಂದಿಗೆ ಎಷ್ಟು ಗುದ್ದಾಡಿದರೂ ಫಲವಿಲ್ಲ.

ಕಳಿಸುವುದೂ ತರಿಸಿಕೊಳ್ಳುವುದೂ ಒಂದೇ ಕೆಲಸದ ಎರಡು ಮುಖ ಎಂದುಕೊಳ್ಳುವುದು ಸಹಜ. ಅವು ಎರಡು ಬೇರೆ ಯಂತ್ರಗಳು. ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು. ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ವಿಳಾಸದ ನಡುವೆ ಆ ಸುರುಳಿ ಗುರುತನ್ನು ಇಟ್ಟದ್ದು 1971ರಲ್ಲಿ. ಕಳಿಸುವ ವಿಧಾನವಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ ಬರೆದಿಟ್ಟದ್ದು 1982ರ ಆಗಸ್ಟ್‌ನಲ್ಲಿ. ತರಿಸಿಕೊಳ್ಳುವ ಪಾಪ್ ಬಂದದ್ದು 1984ರಲ್ಲಿ, ಮಾರ್ಕ್ ಕ್ರಿಸ್ಪಿನ್ ಅವರ ಐಮ್ಯಾಪ್ 1986ರಲ್ಲಿ. ಹಾಗಾಗಿಯೇ ಸೆಟ್ಟಿಂಗ್ಸ್‌ನಲ್ಲಿ ಒಳಬರುವ ಸರ್ವರು, ಹೊರಹೋಗುವ ಸರ್ವರು ಎಂದು ಎರಡು ಖಾನೆ. ಮೇಲ್ ಬರುತ್ತಿದ್ದು ಹೋಗದಿದ್ದರೆ ಒಳಬರುವ ಖಾನೆಯನ್ನು ಮುಟ್ಟಲೇಬೇಡಿ.

ಮೇಲ್ ಹೊರಡುವಾಗ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡುವಂತಿದೆ, ಯಾಕೆಂದರೆ ಅದೊಂದು ಸಂಭಾಷಣೆ. ನಿಮ್ಮ ತಂತ್ರಾಂಶ ಸರ್ವರಿನ ಬಾಗಿಲು ತಟ್ಟುತ್ತದೆ. ಸರ್ವರು '220' ಎನ್ನುತ್ತದೆ. ಇದ್ದೇನೆ, ಹೇಳು ಎಂದರ್ಥ. ತಂತ್ರಾಂಶ ನಮಸ್ಕಾರ ಹೇಳಿ ತನ್ನ ಹೆಸರು ತಿಳಿಸುತ್ತದೆ. ಸರ್ವರು '250' ಎಂದು ಒಪ್ಪಿ ತನಗೆ ಏನೇನು ಬರುತ್ತದೆ ಎಂಬ ಪಟ್ಟಿ ಕೊಡುತ್ತದೆ. 587ರ ದ್ವಾರವಾದರೆ ಇಲ್ಲಿ ಇಬ್ಬರೂ ಮಾತನ್ನು ಗೂಢಲಿಪಿಗೆ ಬದಲಿಸುತ್ತಾರೆ. 465ರಲ್ಲಾದರೆ ಮೊದಲ ಮಾತಿನಿಂದಲೇ ಗೂಢಲಿಪಿ. ಆಮೇಲೆ ಪಾಸ್‌ವರ್ಡ್: ಸರಿಯಿದ್ದರೆ '235', ತಪ್ಪಿದ್ದರೆ '535'. ಇಂಥವರಿಂದ, '250'. ಇಂಥವರಿಗೆ, '250', ಆ ಹೆಸರಿನವರೇ ಇಲ್ಲದಿದ್ದರೆ '550'. ಕಾಗದ ಓದಲೇ ಎಂದರೆ '354', ಓದು. ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕೆ ಇಟ್ಟರೆ ಕಾಗದ ಮುಗಿಯಿತೆಂದು ಲೆಕ್ಕ. ನೀವು ಬರೆದ ಸಾಲೇ ಚುಕ್ಕೆಯಿಂದ ಶುರುವಾಗಿದ್ದರೆ? ತಂತ್ರಾಂಶ ಗುಟ್ಟಾಗಿ ಇನ್ನೊಂದು ಚುಕ್ಕೆ ಸೇರಿಸುತ್ತದೆ, ಸರ್ವರು ಅದನ್ನು ಗುಟ್ಟಾಗಿಯೇ ಕಿತ್ತುಹಾಕುತ್ತದೆ. 1982ರ ಈ ಜಾಣತನ ಇವತ್ತಿಗೂ ಹಾಗೆಯೇ ನಡೆದಿದೆ.

ಈ ಅಂಕಿಗಳಲ್ಲಿ ಮೊದಲನೆಯದನ್ನು ನೋಡಿದರೆ ಸಾಕು. 2 ಎಂದರೆ ಆಯಿತು, 3 ಎಂದರೆ ಮುಂದುವರಿಸು. 4 ಎಂದರೆ ಈಗ ಆಗದು, ಆಮೇಲೆ ಬಾ. 5 ಎಂದರೆ ಆಗುವುದೇ ಇಲ್ಲ. 4ರಲ್ಲಿ ಶುರುವಾಗುವ ದೋಷ ಬಂದಾಗ ಒಂದು ಚಹಾ ಕುಡಿದು ಬನ್ನಿ, ಬಹಳ ಸಲ ತಾನೇ ಸರಿಯಾಗಿರುತ್ತದೆ. 5 ಬಂದಾಗ 'ಸೆಂಡ್' ಗುಂಡಿಯನ್ನು ನೂರು ಸಲ ಒತ್ತಿದರೂ ಉತ್ತರ ಬದಲಾಗದು.

ಸಂಭಾಷಣೆ ಶುರುವಾಗುವ ಮುಂಚೆಯೇ ದಾರಿ ತಪ್ಪಿದರೆ ಔಟ್‌ಲುಕ್ ತನ್ನದೇ ಅಂಕಿ ಕೊಡುತ್ತದೆ. ನೋಡಲು ಗಾಬರಿ ಹುಟ್ಟಿಸುವ 0ಎಕ್ಸ್800ಸಿಸಿಸಿಯಿಂದ ಶುರುವಾಗುವ ಸಾಲು ಅದು. ಕೊನೆಯ ಎರಡು ಅಕ್ಷರ ಓದಿ. '0ಡಿ' ಎಂದರೆ ಸರ್ವರಿನ ಹೆಸರೇ ಸಿಗಲಿಲ್ಲ: ಹೆಸರು ತಪ್ಪಾಗಿ ಟೈಪಾಗಿದೆ, ಇಲ್ಲವೇ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಕೈಕೊಟ್ಟಿದೆ. '0ಇ' ಎಂದರೆ ಸರ್ವರಿನ ವಿಳಾಸ ಸಿಕ್ಕಿತು, ಬಾಗಿಲು ತೆರೆಯಲಿಲ್ಲ: ದ್ವಾರದ ಸಂಖ್ಯೆ ತಪ್ಪಿರಬೇಕು, ಅಥವಾ ನಡುವೆ ಯಾರೋ ತಡೆದಿರಬೇಕು. '0ಎಫ್' ಎಂದರೆ ಮಾತು ಶುರುವಾಗಿ ನಡುವೆ ಕಡಿದುಹೋಯಿತು. '92' ಎಂದರೆ ಪಾಸ್‌ವರ್ಡ್ ಒಪ್ಪಲಿಲ್ಲ. ನಾಲ್ಕಕ್ಕೂ ಮದ್ದು ಬೇರೆ ಬೇರೆ, ಫಾರ್ಮ್ಯಾಟ್ ಇವುಗಳಲ್ಲಿ ಯಾವುದರ ಮದ್ದೂ ಅಲ್ಲ.

'0ಇ' ಕಂಡಾಗ ದ್ವಾರ 25 ಇದೆಯೇ ನೋಡಿ. ಹಳೆಯ ಸೆಟ್ಟಿಂಗುಗಳಲ್ಲಿ ಇದು ಉಳಿದುಬಿಟ್ಟಿರುತ್ತದೆ. ಹಿಂದೆ ಎಲ್ಲರೂ 25ರಿಂದಲೇ ಕಳಿಸುತ್ತಿದ್ದರು. ವೈರಸ್ ಹೊಕ್ಕ ಮನೆಗಂಪ್ಯೂಟರುಗಳು ಅದೇ ದ್ವಾರದಿಂದ ಕಸದ ಮೇಲ್‌ಗಳನ್ನು ಸುರಿಯತೊಡಗಿದ್ದರಿಂದ ಹಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಅದನ್ನು ಗ್ರಾಹಕರಿಗೆ ಮುಚ್ಚಿವೆ. 587 ಹಾಕಿ, 'ಹೊರಹೋಗುವ ಸರ್ವರಿಗೆ ದೃಢೀಕರಣ ಬೇಕು' ಎಂಬ ಚೌಕಕ್ಕೆ ಟಿಕ್ ಹಾಕಿದರೆ ಅನೇಕ ಕಡೆ ಅಲ್ಲಿಗೇ ಮುಗಿಯುತ್ತದೆ. ದೋಷ ನಿಮ್ಮ ಸೆಟ್ಟಿಂಗಿನದೋ ಲೈನಿನದೋ ಎಂಬ ಅನುಮಾನವಿದ್ದರೆ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಅದೇ ಮೇಲ್ ಕಳಿಸಿ ನೋಡಿ. ಹೋಯಿತೆಂದರೆ ತಪ್ಪು ರೌಟರಿನದೋ ಬ್ರಾಡ್‌ಬ್ಯಾಂಡಿನದೋ. ಹೋಗಲಿಲ್ಲವೆಂದರೆ ಬಹುತೇಕ ಕಂಪ್ಯೂಟರಿನೊಳಗಿನದು. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಗಡಿಯಾರದ ಸಮಸ್ಯೆ. ಸರ್ವರು ತಾನು ಅಸಲಿಯೇ ಎಂದು ತೋರಿಸಲು ಒಂದು ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರಿನ ದಿನಾಂಕ ಹಿಂದಕ್ಕೆ ಸರಿದಿದ್ದರೆ ಆ ಪತ್ರ ಇನ್ನೂ ಜಾರಿಗೇ ಬಂದಿಲ್ಲದಂತೆ ಕಾಣುತ್ತದೆ, ತಂತ್ರಾಂಶ ಅದನ್ನು ನಂಬುವುದಿಲ್ಲ. ದಿನಾಂಕ ಯಾಕೆ ಸರಿಯುತ್ತದೆ? ಮದರ್‌ಬೋರ್ಡಿನ ಮೇಲೆ ನಾಣ್ಯದ ಗಾತ್ರದ ಒಂದು ಸೆಲ್ ಇದೆ. ಸಿಆರ್2032 ಅದರ ಹೆಸರು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಗೋಡೆಯ ಸ್ವಿಚ್ಚು ಹಾಕಿದ್ದಷ್ಟು ಹೊತ್ತು ಗಡಿಯಾರ ಕರೆಂಟಿನಲ್ಲೇ ನಡೆಯುತ್ತದೆ, ಸೆಲ್ ಖರ್ಚಾಗುವುದಿಲ್ಲ. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಆಫ್ ಮಾಡುವ ರೂಢಿ ನಮ್ಮ ಕಡೆ ಇದೆ. ಲೈನ್ ಹೋಗುವುದೂ ಇದೆ. ಆಗೆಲ್ಲ ಗಡಿಯಾರದ ಭಾರ ಸೆಲ್ಲಿನ ಮೇಲೆ. ಯಾದಗಿರಿಯ ಬೇಸಿಗೆ ಬಿಸಿಯೂ ಅದರ ಆಯುಸ್ಸನ್ನು ತಿನ್ನುತ್ತದೆ.

ನೆಟ್ ಇದ್ದ ಮೇಲೆ ವಿಂಡೋಸ್ ತಾನೇ ಸಮಯ ಸರಿ ಮಾಡಿಕೊಳ್ಳಬೇಕಲ್ಲ? ಸಣ್ಣ ವ್ಯತ್ಯಾಸವಾದರೆ ಮಾಡಿಕೊಳ್ಳುತ್ತದೆ. ಬಿಡಿಯಾಗಿ ಬಳಸುವ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ 15 ಗಂಟೆಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಇದೇನೋ ಮೋಸವಿರಬೇಕೆಂದು ಅದು ಸುಮ್ಮನಾಗಿಬಿಡುತ್ತದೆ. ಹಾಗಾಗಿ ಪರದೆಯ ಮೂಲೆಯ ದಿನಾಂಕ ಹತ್ತು ವರ್ಷ ಹಿಂದಿದ್ದರೂ ಅದು ಅಲ್ಲೇ ಇರುತ್ತದೆ. ಮೂಲೆಯನ್ನು ಒಮ್ಮೆ ನೋಡಿ, ದಿನಾಂಕವನ್ನು ಕೈಯಿಂದಲೇ ತಿದ್ದಿ, ಸೆಲ್ ಬದಲಿಸಿ. ಗಡಿಯಾರದ ಅಂಗಡಿಯಲ್ಲೂ ಸಿಗುವ ವಸ್ತು ಅದು.

'92' ಅಥವಾ '535' ಬಂದು, ಪಾಸ್‌ವರ್ಡ್ ಮಾತ್ರ ಸರಿಯಿದೆ ಎಂದು ನೀವು ಆಣೆ ಮಾಡಿ ಹೇಳಬಲ್ಲಿರಾದರೆ ಅದಕ್ಕೂ ಕಾರಣವಿದೆ. ಮಾಮೂಲಿ ಪಾಸ್‌ವರ್ಡನ್ನಷ್ಟೇ ಕೊಟ್ಟು ಹೊರಗಿನ ತಂತ್ರಾಂಶಗಳು ಒಳಹೋಗುವ ಸೌಲಭ್ಯವನ್ನು ಗೂಗಲ್ ಸಾಮಾನ್ಯ ಜಿಮೇಲ್ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸತೊಡಗಿತು. 2024ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್, ಹಾಟ್‌ಮೇಲ್ ಖಾತೆಗಳಿಗೂ ಅದನ್ನೇ ಮಾಡಿತು. ಹೊಸ ತಂತ್ರಾಂಶಗಳು ಬ್ರೌಸರಿನಂಥ ಕಿಟಕಿ ತೆರೆದು ಅಲ್ಲೇ ಲಾಗಿನ್ ಮಾಡಿಸಿಕೊಳ್ಳುತ್ತವೆ. ಹಳೆಯ ಔಟ್‌ಲುಕ್‌ಗೆ ಆ ವಿದ್ಯೆ ತಿಳಿಯದು. ಅಂಥಲ್ಲಿ ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಹಾಕಿಕೊಂಡು, ಆ ಕಂಪ್ಯೂಟರಿಗೆಂದೇ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಹಳೆಯದರ ಜಾಗದಲ್ಲಿ ಹಾಕಬೇಕು. ಎರಡು ಹಂತದ ಪರಿಶೀಲನೆ ಹಾಕದಿದ್ದರೆ ಈ ಆ್ಯಪ್ ಪಾಸ್‌ವರ್ಡಿನ ಆಯ್ಕೆ ಸಿಗುವುದೇ ಇಲ್ಲ.

ಸಣ್ಣ ಮೇಲ್ ಹೋಗಿ ದೊಡ್ಡ ಕಡತ ಮಾತ್ರ ಔಟ್‌ಬಾಕ್ಸಿನಲ್ಲೇ ಕುಳಿತರೆ ಗಾತ್ರವನ್ನು ನೋಡಿ. ಜಿಮೇಲಿನ ಮಿತಿ 25 ಎಂಬಿ. ಆದರೆ ಮೇಲ್ ಮೂಲತಃ ಅಕ್ಷರಗಳನ್ನು ಸಾಗಿಸಲು ಹುಟ್ಟಿದ್ದು. ಚಿತ್ರ, ಪಿಡಿಎಫ್ ಯಾವುದನ್ನೇ ಲಗತ್ತಿಸಿದರೂ ಅದನ್ನು ಅಕ್ಷರಗಳಿಗೆ ತಿರುಗಿಸಿ ಕಳಿಸಬೇಕು. ಪ್ರತಿ 3 ಬೈಟಿಗೆ 4 ಅಕ್ಷರ. ಹೀಗೆ 18 ಎಂಬಿಯ ಕಡತ ದಾರಿಯಲ್ಲಿ 24 ಎಂಬಿ ದಾಟುತ್ತದೆ. ಔಟ್‌ಲುಕ್ ಉತ್ತರಕ್ಕಾಗಿ ಕಾಯುವ ಅವಧಿ ತಾನಾಗಿ 1 ನಿಮಿಷಕ್ಕೆ ಇರುತ್ತದೆ; ಸೆಟ್ಟಿಂಗ್ಸಿನ 'ಅಡ್ವಾನ್ಸ್ಡ್' ಪುಟದಲ್ಲಿ ಅದನ್ನು 10 ನಿಮಿಷದವರೆಗೆ ಎಳೆಯಬಹುದು. ನಿಧಾನದ ಲೈನಿಗೆ ಇದು ನಿಜಕ್ಕೂ ಉಪಕಾರ.

ಪಟ್ಟಿಯ ತುದಿಯಲ್ಲಿ ಹೇಳಲು ನಾಚಿಕೆಯಾಗುವಷ್ಟು ಸರಳವಾದದ್ದೊಂದಿದೆ: 'ವರ್ಕ್ ಆಫ್‌ಲೈನ್' ಗುಂಡಿ. ಯಾರದೋ ಕೈ ತಾಗಿ ಅದು ಒತ್ತಿಹೋಗಿದ್ದರೆ ಯಾವ ಮೇಲೂ ಹೋಗುವುದಿಲ್ಲ, ಬರುವುದೂ ಇಲ್ಲ. ಕಿಟಕಿಯ ತಳದ ಪಟ್ಟಿಯಲ್ಲಿ ಹಾಗೆಂದು ಬರೆದೂ ಇರುತ್ತದೆ. ಮೊದಲು ನೋಡಬೇಕಾದದ್ದು ಅದನ್ನೇ.

ಫಾರ್ಮ್ಯಾಟಿನ ಮೇಲೆ ನನಗೇಕೆ ಸಿಟ್ಟು ಎಂದರೆ, ಪಾಪ್ ಬಗೆಯ ಖಾತೆ ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಸರ್ವರಿನಿಂದ ತೆಗೆದುಹಾಕುವುದುಂಟು, ಕೂಡಲೇ ಅಲ್ಲದಿದ್ದರೆ ಹಲವು ದಿನ ಬಿಟ್ಟು. ಆಮೇಲೆ ಆ ಕಾಗದಗಳು ಇರುವುದು ಜಗತ್ತಿನಲ್ಲಿ ಒಂದೇ ಕಡೆ: ನಿಮ್ಮ ಸಿ ಡ್ರೈವಿನಲ್ಲಿರುವ, ಹೆಸರಿನ ಕೊನೆಗೆ ಪಿಎಸ್‌ಟಿ ಎಂದಿರುವ ಒಂದು ಕಡತದಲ್ಲಿ. ಸಿ ಡ್ರೈವ್ ಅಳಿಸಿದವರು ಅದನ್ನೂ ಅಳಿಸಿದಂತೆಯೇ. ಐಮ್ಯಾಪ್ ಖಾತೆಯಾದರೆ ಮೂಲ ಪ್ರತಿ ಸರ್ವರಿನಲ್ಲೇ ಇರುತ್ತದೆ, ಅಷ್ಟರಮಟ್ಟಿಗೆ ಬಚಾವು. ನಿಮ್ಮ ಖಾತೆ ಯಾವ ಬಗೆಯದು ಎಂಬುದು ಅಕೌಂಟ್ ಸೆಟ್ಟಿಂಗ್ಸ್ ತೆರೆದರೆ ಹೆಸರಿನ ಪಕ್ಕದಲ್ಲೇ ಕಾಣುತ್ತದೆ.

ಮುಂದಿನ ಸಲ ಪರದೆಯ ಮೇಲೆ ಆ ಚೌಕ ಮೂಡಿದಾಗ ಮುಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅಂಗಡಿಯವರಿಗೆ ಕಳಿಸಿ. ಅದನ್ನು ನೋಡಿಯೂ ಅವರು ಫಾರ್ಮ್ಯಾಟ್ ಎಂದರೆ, ಮೊದಲು ಔಟ್‌ಲುಕ್ ಮುಚ್ಚಿ ಆ ಪಿಎಸ್‌ಟಿ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಆಮೇಲೆ ಬೇರೆ ಅಂಗಡಿ ನೋಡಿ.